ಕೆಡವಲೆಂದೇ ಕಟ್ಟುವ ಗೋಡೆ: ಹೈಸ್ಕೂಲು ಮಕ್ಕಳಿಗೆ ಗಾರೆ ಕೆಲಸ ಕಲಿಸುವ ಕ್ರಮ

ಕಟ್ಟಡ ಕೆಲಸದ ತರಬೇತಿ ಎಂಬ ಹೆಸರಿನಲ್ಲಿ ಪ್ರೌಢಶಾಲೆಗಳಲ್ಲಿ ನಡೆಯುವುದನ್ನು ನಾನು ಹಲವು ಕಡೆ ನಿಂತು ನೋಡಿದ್ದೇನೆ. ಊರಿನ ಮೇಸ್ತ್ರಿಯೊಬ್ಬರನ್ನು ಕರೆಸುತ್ತಾರೆ. ಶಾಲೆಗೆ ಹೇಗಿದ್ದರೂ ಬೇಕಾಗಿದ್ದ ಹೂಗಿಡದ ಕಟ್ಟೆಯನ್ನೋ ಕೈತೊಳೆಯುವ ತೊಟ್ಟಿಯನ್ನೋ ಅವರು ಕಟ್ಟುತ್ತಾರೆ. ಒಂಬತ್ತನೇ ತರಗತಿಯ ಮಕ್ಕಳು ಇಟ್ಟಿಗೆ ಹೊತ್ತು ತಂದುಕೊಟ್ಟು, ಕೊನೆಗೆ ಸರದಿಯಂತೆ ಕರಣೆ ಹಿಡಿದು ಫೋಟೊಗೆ ನಿಲ್ಲುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಸೂಚಿಸಿ, ಮರಗೆಲಸ, ವಿದ್ಯುತ್ ಕೆಲಸ, ಲೋಹದ ಕೆಲಸ, ತೋಟಗಾರಿಕೆ, ಕುಂಬಾರಿಕೆಗಳನ್ನು ಕಲಿಸಬಹುದಾದ ಕಸುಬುಗಳ ಉದಾಹರಣೆಯಾಗಿ ಹೆಸರಿಸುತ್ತದೆ. ಆ ಸಾಲಿನಲ್ಲಿ ಗಾರೆ ಕೆಲಸದ ಹೆಸರಿಲ್ಲವಾದರೂ ಅದು 'ಇತ್ಯಾದಿ'ಯೊಳಗೆ ಧಾರಾಳವಾಗಿ ಸೇರುತ್ತದೆ. ಎಂಟರಿಂದ ಹತ್ತನೇ ತರಗತಿಯವರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಕಲಿಸಬಹುದಾದ ಕಸುಬು ಇನ್ನೊಂದನ್ನು ನಾನು ಕಂಡಿಲ್ಲ.

ಆರಂಭಿಸುವ ಮುನ್ನ ಒಂದು ಷರತ್ತು. ಮಕ್ಕಳು ಕಟ್ಟಿದ ಗೋಡೆ ಉಳಿಯಕೂಡದು. ಉಳಿಯುವ ಗೋಡೆಯಾದರೆ ಅದು ಚೆನ್ನಾಗಿ ಕಾಣಬೇಕೆಂಬ ಆತುರ ಹಿರಿಯರಿಗೆ ಹುಟ್ಟುತ್ತದೆ, ಮೇಸ್ತ್ರಿಯ ಕೈ ನಡುವೆ ಬರುತ್ತದೆ, ಮಗು ಪಕ್ಕಕ್ಕೆ ಸರಿಯುತ್ತದೆ. ಶಾಲೆಗೆ ಉಪಯೋಗವಾಗುವ ಗೋಡೆಯನ್ನು ಮಕ್ಕಳಿಂದಲೇ ಕಟ್ಟಿಸಿದರೆ ಅದು ಪಾಠವೋ ಬಿಟ್ಟಿ ಕೂಲಿಯೋ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯು 14ರಿಂದ 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಿಂದ ದೂರವಿರಿಸುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲೂ 18 ತುಂಬಿರಬೇಕು. ಆದ್ದರಿಂದ ನಡೆಯುತ್ತಿರುವ ಕಟ್ಟಡದ ಜಾಗಕ್ಕೆ ಮಕ್ಕಳನ್ನು ಕರೆದೊಯ್ದು ಕೆಲಸ ಹಿಡಿಸುವುದು ಬೇಡ, ಶಾಲೆಯ ಅಂಗಳವೇ ಸಾಕು.

ಮೊದಲ ಹಂತ, ಸಾಮಾನು. ನಾಲ್ಕು ಮಕ್ಕಳ ತಂಡಕ್ಕೆ 60 ಇಟ್ಟಿಗೆ, ಎರಡು ಕರಣೆ, ಅಡ್ಡಮಟ್ಟ ನೋಡಲು ಒಂದು ರಸಮಟ್ಟ (ಸ್ಪಿರಿಟ್ ಲೆವೆಲ್), ಗೋಡೆ ನೆಟ್ಟಗಿದೆಯೇ ನೋಡಲು ದಾರಕ್ಕೆ ಕಟ್ಟಿದ ಒಂದು ತೂಗುಗುಂಡು, ಲಂಬಕೋನ ನೋಡಲು ಮೂಲೆಮಟ್ಟ, ಟೇಪು, ದಾರ, ಒಂದು ಬಾಂಡ್ಲಿ. ಕರಣೆ ಚಿಕ್ಕದಿರಲಿ; ದೊಡ್ಡವರ ಕರಣೆಯಲ್ಲಿ ಗಾರೆ ಎತ್ತಿದರೆ ಹದಿನಾಲ್ಕರ ಹುಡುಗನ ಮಣಿಕಟ್ಟು ಅರ್ಧ ಗಂಟೆಯಲ್ಲಿ ಸೋಲುತ್ತದೆ. ತೆಳು ತಗಡಿನ ಅಗ್ಗದ ಕರಣೆಗಳನ್ನು ಮುಟ್ಟಲೇಬೇಡಿ, ಮೂರನೆಯ ದಿನಕ್ಕೆ ಹಿಡಿ ಕೈಯಲ್ಲುಳಿದು ಅಲಗು ನೆಲಕ್ಕೆ ಬೀಳುತ್ತದೆ. ರಸಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ: ಮೇಜಿನ ಮೇಲಿಟ್ಟು ಗುಳ್ಳೆ ನಿಂತ ಜಾಗ ನೋಡಿಕೊಂಡು, ಅದೇ ಜಾಗದಲ್ಲಿ ಎಡಬಲ ತಿರುಗಿಸಿ ಇಡಿ. ಮೇಜು ಓರೆಯಿದ್ದರೆ ಗುಳ್ಳೆ ಎರಡು ಸಲವೂ ಮೇಜಿನ ಒಂದೇ ಬದಿಗೆ, ಒಂದೇ ಅಳತೆಯಷ್ಟು ಸರಿದಿರುತ್ತದೆ. ಹಾಗಲ್ಲದೆ ಬೇರೆ ಬೇರೆ ಕಡೆ ನಿಂತರೆ ದೋಷ ರಸಮಟ್ಟದ್ದು.

ಎರಡನೆಯ ಹಂತ, ಗಾರೆ. ಸಿಮೆಂಟ್ ಬೇಡ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಆ ಉರಿ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಮೇಲಾಗಿ ಅದು ಗಟ್ಟಿಯಾಗಿಬಿಟ್ಟರೆ ತಪ್ಪು ತಿದ್ದಲು ಅವಕಾಶವೇ ಇರುವುದಿಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಸಮಪಾಲು ಮರಳು ಬೆರೆಸಿ, ಹಿಂದಿನ ಸಂಜೆಯೇ ನೆನೆಹಾಕಿ, ಬೆಳಿಗ್ಗೆ ತುಳಿದು ಹದಮಾಡಿಕೊಳ್ಳಿ. ಕರಣೆಯನ್ನು ಓರೆ ಮಾಡಿದಾಗ ಮುದ್ದೆ ಇಡಿಯಾಗಿ ಜಾರಿದರೆ ಹದ ಬಂದಿದೆ. ಅಂಟಿಕೊಂಡು ಉಳಿದರೆ ಮರಳು ಸೇರಿಸಿ, ಸೋರಿದರೆ ಮಣ್ಣು ಸೇರಿಸಿ. ಇಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಹೊರತೆಗೆಯಿರಿ.

ಮೂರನೆಯದು ಗುರುತು ಹಾಕುವುದು. ಒಂದೊಂದು ಮೀಟರಿನ ಎರಡು ತೋಳುಗಳಿರುವ ಮೂಲೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಬರೆಯಿಸಿ. ಮೂಲೆಯಿಂದ ಒಂದು ಕಡೆ 60, ಇನ್ನೊಂದು ಕಡೆ 80 ಸೆಂಟಿಮೀಟರಿಗೆ ಗುರುತಿಟ್ಟಾಗ ಅವೆರಡರ ನಡುವಿನ ಓರೆ ಅಳತೆ ಸರಿಯಾಗಿ 100 ಬರಬೇಕು. ಗಣಿತದ ಮೇಷ್ಟ್ರನ್ನು ಆ ಹತ್ತು ನಿಮಿಷಕ್ಕೆ ಅಂಗಳಕ್ಕೆ ಕರೆಯಿರಿ. ಪೈಥಾಗೊರಸ್ ಪ್ರಮೇಯ ಟೇಪಿನ ಮೇಲೆ ಕಾಣಿಸಿಕೊಂಡಾಗ ಹಿಂದಿನ ಬೆಂಚಿನವರೂ ಬಗ್ಗಿ ನೋಡುತ್ತಾರೆ.

ನಾಲ್ಕನೆಯ ಹಂತದಲ್ಲೇ ಎಲ್ಲರೂ ಎಡವುವುದು: ಮೂಲೆಯನ್ನು ಎತ್ತುವುದು. ಮಕ್ಕಳು ಒಂದು ವರಸೆಯನ್ನು, ಅಂದರೆ ಇಟ್ಟಿಗೆಯ ಒಂದು ಸಾಲನ್ನು, ಈ ತುದಿಯಿಂದ ಆ ತುದಿಯವರೆಗೆ ಮುಗಿಸಿ ಮುಂದಿನದಕ್ಕೆ ಹೋಗಲು ಹಾತೊರೆಯುತ್ತಾರೆ, ಕಲಿಸುವವರೂ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು. ಮೂಲೆಯೊಂದನ್ನೇ ಮೊದಲು ಮೆಟ್ಟಿಲಿನಂತೆ ಇಳಿಸುತ್ತಾ ಐದು ವರಸೆ ಎತ್ತಿಸಿ. ಮಾನಕ ಇಟ್ಟಿಗೆ 19×9×9 ಸೆಂಟಿಮೀಟರಿನದು, ಒಂದು ಸೆಂಟಿಮೀಟರ್ ಗಾರೆ ಸೇರಿ ವರಸೆಯ ಎತ್ತರ ಹತ್ತು ಸೆಂಟಿಮೀಟರ್. ಆದರೆ ನಮ್ಮ ಊರುಗಳ ಗೂಡಿನಿಂದ ಬರುವ ಇಟ್ಟಿಗೆ ಆ ಅಳತೆಗೆ ವಿರಳವಾಗಿ ಹೊಂದುವುದರಿಂದ ಹತ್ತು ಇಟ್ಟಿಗೆಗಳ ಎತ್ತರ ಅಳೆದು ಸರಾಸರಿ ತೆಗೆದು, ಅದಕ್ಕೆ ಗಾರೆಯ ಒಂದು ಸೆಂಟಿಮೀಟರ್ ಕೂಡಿಸಿ, ಕೋಲೊಂದರ ಮೇಲೆ ವರಸೆಯ ಗೆರೆಗಳನ್ನು ಮಕ್ಕಳಿಂದಲೇ ಎಳೆಸಿ.

ಒಮ್ಮೆ ಒಬ್ಬ ಹುಡುಗಿ ಪ್ರತಿ ವರಸೆಗೂ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಂತದ್ದನ್ನು ನನಗೆ ಕರೆದು ತೋರಿಸುತ್ತಾ ಐದು ವರಸೆ ಮುಗಿಸಿದ್ದಳು. ಗುಂಡು ಬಿಟ್ಟು ನೋಡಿದರೆ ಮೂಲೆ ಒಂದು ಬೆರಳಿನಷ್ಟು ಹೊರಕ್ಕೆ ವಾಲಿತ್ತು. ಪ್ರತಿ ಇಟ್ಟಿಗೆಯೂ ಮಟ್ಟವಾಗಿ ಕುಳಿತಿತ್ತು, ಆದರೆ ಕೆಳಗಿನದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದೆ ಸರಿದು ಕುಳಿತಿತ್ತು. ರಸಮಟ್ಟವನ್ನು ಅಡ್ಡಡ್ಡ ಇಟ್ಟರೆ ಈ ತಪ್ಪು ಕಾಣಿಸುವುದೇ ಇಲ್ಲ. ಆದ್ದರಿಂದ ಎರಡನೆಯ ವರಸೆಯಿಂದಲೇ ಪ್ರತಿ ವರಸೆಗೆ ಮೂಲೆಯ ಎರಡೂ ಮುಖಗಳಿಗೆ ಗುಂಡು ಹಾಕಿಸಿ.

ಗುಂಡು ಹಾಕುವುದಕ್ಕೂ ಕ್ರಮವಿದೆ. ದಾರ ಹಾಯ್ದಿರುವ ಮರದ ತುಂಡನ್ನು ಮೇಲಿನ ಇಟ್ಟಿಗೆಯ ಮುಖಕ್ಕೆ ಒತ್ತಿ ಹಿಡಿದು, ಗುಂಡನ್ನು ನಿಧಾನವಾಗಿ ಕೆಳಗಿಳಿಸಿ, ತೂಗಾಟವನ್ನು ಬೆರಳಿನಿಂದ ನಿಲ್ಲಿಸಿ ಕೈಬಿಡಬೇಕು. ಮರದ ತುಂಡಿನ ಅಗಲವೂ ಗುಂಡಿನ ದಪ್ಪವೂ ಒಂದೇ ಇರುವುದರಿಂದ ಗುಂಡು ಕೆಳಗಿನ ಇಟ್ಟಿಗೆಗೆ ತಾಗಿಯೂ ತಾಗದಂತೆ ನಿಂತರೆ ಗೋಡೆ ನೆಟ್ಟಗಿದೆ. ನಡುವೆ ಸಂದು ಕಂಡರೆ ಗೋಡೆಯ ತಲೆ ಮುಂದಕ್ಕೆ ಬಾಗಿದೆ. ಗುಂಡು ಗೋಡೆಗೆ ಒರಗಿ ದಾರ ಓರೆಯಾದರೆ ತಲೆ ಹಿಂದಕ್ಕೆ ಹೋಗಿದೆ. ಮಕ್ಕಳು ನಿಂತಲ್ಲಿಂದಲೇ ಮೇಲಿನಿಂದ ನೋಡಿ 'ಸರಿಯಿದೆ ಸಾರ್' ಎನ್ನುತ್ತಾರೆ. ಕುಕ್ಕರಗಾಲಿನಲ್ಲಿ ಕೂತು, ಕಣ್ಣನ್ನು ಗುಂಡಿನ ಎತ್ತರಕ್ಕೆ ತಂದು ನೋಡದ ಹೊರತು ಆ ಮಾತನ್ನು ಒಪ್ಪಬೇಡಿ. ಗುಂಡಿನ ಬದಲು ದಾರಕ್ಕೆ ಕಲ್ಲು ಕಟ್ಟಿ ಕೆಲಸ ಸಾಗಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ದೂರದಿಂದ ಕಂಬ ನೋಡಲು ಅದು ನಡೆದೀತು, ಮಿಲಿಮೀಟರಿನ ಲೆಕ್ಕಕ್ಕೆ ನಡೆಯದು.

ತಪ್ಪು ಕಂಡಾಗ ಕರಣೆಯ ಹಿಡಿಯಿಂದ ಇಟ್ಟಿಗೆಯನ್ನು ತಟ್ಟಿ ಸರಿಸುವುದು ಎಲ್ಲರ ಅಭ್ಯಾಸ. ಒಂದು ವರಸೆ ಮಾತ್ರ ತಪ್ಪಿದ್ದರೆ ತಟ್ಟಬಹುದು. ಮೂರು ವರಸೆ ವಾಲಿದ್ದರೆ ಇಳಿಸಿ ಮತ್ತೆ ಕಟ್ಟಿಸಿ. ಮಣ್ಣಿನಲ್ಲಿ ಕಟ್ಟಿಸುವ ಲಾಭ ಕಾಣುವುದು ಇಲ್ಲೇ.

ಎರಡೂ ತೋಳುಗಳ ತುದಿಯನ್ನೂ ಇದೇ ರೀತಿ ಎತ್ತಿದ ಮೇಲೆ ಐದನೆಯ ಹಂತ ಸುಲಭ: ದಾರ ಬಿಗಿದು ನಡುವಿನ ಇಟ್ಟಿಗೆಗಳನ್ನು ತುಂಬುವುದು, ಮೇಲಿನ ಇಟ್ಟಿಗೆ ಕೆಳಗಿನ ಸಂದಿನ ಮೇಲೆ ಕೂರುವಂತೆ ನೋಡಿಕೊಳ್ಳುವುದು. ಇಟ್ಟಿಗೆ ದಾರವನ್ನು ತಾಗಬಾರದು, ಒಂದು ದಾರದಷ್ಟು ಹಿಂದೆಯೇ ನಿಲ್ಲಬೇಕು. ಒಬ್ಬೊಬ್ಬರೂ ಚೂರು ಚೂರು ತಳ್ಳಿದರೆ ಗೋಡೆ ಹೊಟ್ಟೆ ಬಿಡುತ್ತದೆ. ಅರ್ಧ ಇಟ್ಟಿಗೆ ಬೇಕಾದಾಗ ಒಡೆಯುವವರಿಗೆ ಕನ್ನಡಕ ಕಡ್ಡಾಯ. ಕತ್ತರಿಸುವ ಯಂತ್ರವನ್ನು ಶಾಲೆಯ ಗೇಟಿನೊಳಗೆ ಬಿಡಬೇಡಿ.

ಸಿಮೆಂಟನ್ನು ಕೊನೆಯ ದಿನ, ಕೈಗವಸು ಮತ್ತು ಬೂಟು ಹಾಕಿಸಿ, ಒಂದು ಪಾಲಿಗೆ ಆರು ಪಾಲು ಮರಳಿನ ಪ್ರಮಾಣದಲ್ಲಿ ಒಂದು ಬಾಂಡ್ಲಿಯಷ್ಟು ಮಾತ್ರ ಕಲಸಿ ತೋರಿಸಿ. ಆಸಕ್ತಿ ತೋರಿದವರಿಗೆ ಮುಂದಿನ ದಾರಿಯನ್ನೂ ಅಂದೇ ಹೇಳಿ: ಐಟಿಐಯಲ್ಲಿ ಮೇಸನ್ ತರಬೇತಿ ಒಂದು ವರ್ಷದ್ದು, ಸಿವಿಲ್ ಡ್ರಾಫ್ಟ್ಸ್‌ಮನ್ ಎರಡು ವರ್ಷದ್ದು, ಎಸ್ಸೆಸ್ಸೆಲ್ಸಿಯ ನಂತರ ಸೇರಬಹುದಾದ ಸಿವಿಲ್ ಡಿಪ್ಲೊಮಾ ಮೂರು ವರ್ಷದ್ದು.

ಆರನೆಯದು ಕೆಡವುವುದು. ಕಟ್ಟಿದ ತಂಡವೇ ಮೇಲಿನ ವರಸೆಯಿಂದ ಒಂದೊಂದಾಗಿ ಇಳಿಸಲಿ, ಒಬ್ಬರ ಕೈಯಲ್ಲಿ ಒಮ್ಮೆಗೆ ಎರಡು ಇಟ್ಟಿಗೆಗಿಂತ ಹೆಚ್ಚು ಬೇಡ. ಅಂಟಿದ ಮಣ್ಣನ್ನು ಕೆರೆದು, ಇಟ್ಟಿಗೆ ಎಣಿಸಿ ಪೇರಿಸಿ, ದಾರವನ್ನು ಕೋಲಿಗೆ ಸುತ್ತಿ, ಮಣ್ಣಿನ ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸಿ ಹೋದರೆ ಮುಂದಿನ ವಾರದ ತಂಡಕ್ಕೆ ಒಂದಿಷ್ಟು ನೀರು ಚಿಮುಕಿಸಿ ತುಳಿಯುವುದಷ್ಟೇ ಉಳಿಯುತ್ತದೆ.