ರೈಫಲ್ಲಿನ ಬೋಲ್ಟ್ ಬಿಗಿಯಾಯಿತೇ? ಎಲ್ಲಿ ಹಿಡಿಯುತ್ತಿದೆ, ಮೊದಲು ನೋಡಿ

ಪುಣೆಯ ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅಂಥ ಒಂದು ಬೆಳಗ್ಗೆ, ಖಡಕಿಯ ನಮ್ಮ ಮನೆಗೆ ಬಂದು ನೆಲೆಸಿರುವ ಮಾವನವರು ತಮ್ಮ ಹಳೆಯ .315 ರೈಫಲ್ ಹೊರತೆಗೆದರು. "ಬೋಲ್ಟ್ ಅರ್ಧಕ್ಕ ನಿಂತೇತಿ ನೋಡ್ರಿ ಅಳಿಯಂದ್ರ, ಸುತ್ತಿಗಿಲೆ ಒಂದ್ ಏಟ್ ಹಾಕ್ಲೇನು?" ಎಂದರು. ಬೋಲ್ಟ್ ಎಂದರೆ ತೋಟಾವನ್ನು ಒಳತಳ್ಳಿ ನಳಿಗೆಯ ಹಿಂಬದಿ ಮುಚ್ಚುವ, ಹಿಡಿಯಿಂದ ಹಿಂದೆ ಮುಂದೆ ಆಡುವ ಉಕ್ಕಿನ ಸರಳು. ಬೇಡವೇ ಬೇಡ ಎಂದೆ. ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು, ಆಗಿದ್ದವನು ನಾನು. ಸುತ್ತಿಗೆ ಏಟಿಗೆ ಹಾಳಾದ ಬೋಲ್ಟುಗಳನ್ನು ಕಂಡಿದ್ದೇನೆ.

ಸೇನೆ ಹಿಂದೆ ಬಳಸುತ್ತಿದ್ದ .303 ರೈಫಲ್ ನಮ್ಮಲ್ಲಿ ಪ್ರೊಹಿಬಿಟೆಡ್ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಬಗೆ. ಸಾಮಾನ್ಯ ಲೈಸೆನ್ಸ್‌ದಾರರ ಬಳಿ ಇರುವುದು ಇಷಾಪುರದ ಕಾರ್ಖಾನೆಯ .315. ಒಳಗಿನ ಯಂತ್ರ ಮಾತ್ರ .303ರಲ್ಲಿರುವ ಅದೇ ಲೀ-ಎನ್‌ಫೀಲ್ಡ್ ಎಂಬ ಬ್ರಿಟಿಷ್ ಮಾದರಿಯದು. ಹಾಗಾಗಿ ಎರಡರ ಕಾಯಿಲೆಯೂ ಒಂದೇ, ಮದ್ದೂ ಒಂದೇ.

ಕೆಲಸ ಲೈಸೆನ್ಸ್‌ದಾರರ ಕೈಯಲ್ಲೇ ಆಗಲಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಮ್ಯಾಗಜಿನ್ ಕಳಚಿ, ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಬೋಲ್ಟ್ ತೆರೆದು, ಚೇಂಬರನ್ನು (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಕಣ್ಣಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಿ. ಮುಚ್ಚಿದ ಬೋಲ್ಟ್ ತೆರೆಯದೇ ಹೋದರೆ, ಒಳಗೆ ತೋಟಾ ಇದೆಯೋ ಇಲ್ಲವೋ ಎಂಬ ಅನುಮಾನ ಎಳ್ಳಷ್ಟಿದ್ದರೂ ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ಫೋನ್ ಮಾಡಿ.

ಈಗ ಬೋಲ್ಟನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಮುಚ್ಚುವಾಗ ಕೊನೆಯ ಒಂದು ಇಂಚು ಬಿಗಿಯಾದರೆ ಅದು ದೋಷವಲ್ಲ. ಈ ಜಾತಿಯ ರೈಫಲ್ಲುಗಳಲ್ಲಿ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುವುದೇ ಮುಚ್ಚುವ ಹೊತ್ತಿಗೆ. ಇದು ಗೊತ್ತಿಲ್ಲದೆ ಸರಿಯಿದ್ದ ಬೋಲ್ಟನ್ನೇ ಉಜ್ಜಿಸಿಕೊಂಡು ಬಂದವರಿದ್ದಾರೆ. ಖಾಲಿ ಇದ್ದಾಗಲೂ ಉದ್ದಕ್ಕೂ ಜಿಗುಟಾದರೆ ಕಾರಣ ಹಳೆಯ ಎಣ್ಣೆ, ಗ್ರೀಸು. ಮ್ಯಾಗಜಿನ್‌ನಿಂದ ತೋಟಾ ಏರುವಾಗ ಮಾತ್ರ ಹಿಡಿದರೆ ತೋಟಾ ತುಂಬಿದ ರೀತಿ ತಪ್ಪು: ಮೇಲಿನ ತೋಟಾದ ಬುಡದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಗುಂಡು ಹಾರಿಸಿದ ಮೇಲೆ ಮಾತ್ರ ತೆರೆಯಲು ಕಷ್ಟವಾದರೆ ಚೇಂಬರ್ ನೋಡಬೇಕು.

ಮಾವನವರದು ಹಳೆಯ ಎಣ್ಣೆಗೆ ಜಿಗುಟಾದ ಬಗೆ. ಸೇಫ್ಟಿ ಬಿಡಿಸಿ, ಬೋಲ್ಟ್ ಪೂರ್ತಿ ಹಿಂದಕ್ಕೆ ಎಳೆದು, ಅದರ ತಲೆಯನ್ನು ಹಿಡಿದಿಟ್ಟ ಸ್ಪ್ರಿಂಗ್‌ನಿಂದ ಮೇಲಕ್ಕೆ ತಿರುವಿದರೆ ಬೋಲ್ಟ್ ಕೈಗೆ ಬರುತ್ತದೆ. ಅವರು ಹಾಗೆ ತೆಗೆದಾಗ ಮೈಮೇಲೆ ಕಂದು ಬಣ್ಣದ ಪೊರೆ, ಉಗುರಿಂದ ಕೆರೆದರೆ ಹಳೆ ವಾರ್ನಿಷ್‌ನಂತೆ ಏಳುತ್ತಿತ್ತು. ಕೇಳಿದರೆ, ಊರಲ್ಲಿದ್ದಾಗ ಕುಸುಬೆ ಎಣ್ಣೆ ಹಚ್ಚುತ್ತಿದ್ದರಂತೆ, ಇಲ್ಲಿ ಬಂದ ಮೇಲೆ ಕೊಬ್ಬರಿ ಎಣ್ಣೆ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಪೊರೆಯಾಗುವ ಜಾತಿಯದು. ಕೊಬ್ಬರಿ ಎಣ್ಣೆಯೋ 24 ಡಿಗ್ರಿಯ ಆಸುಪಾಸಿಗೇ ಹೆಪ್ಪುಗಟ್ಟುತ್ತದೆ. ಅಡುಗೆ ಎಣ್ಣೆ ಯಾವುದನ್ನೂ ಬಂದೂಕಿಗೆ ಮುಟ್ಟಿಸಬೇಡಿ, ಇದನ್ನು ನಾನು ಕೈಮುಗಿದು ಹೇಳುತ್ತೇನೆ. ದಾಸ್ತಾನಿನಿಂದ ಬಂದ ಹಳೆಯ ಸೇನಾ ರೈಫಲ್ಲುಗಳಲ್ಲಿ ತುಕ್ಕಿಗೆಂದು ಬಳಿದ ಗ್ರೀಸ್ ಗಟ್ಟಿಯಾಗಿ ಇದೇ ತೊಂದರೆ ಕೊಡುತ್ತದೆ.

ಈ ಪೊರೆ ಕರಗಿಸಲು ಚಿಮಣಿ ಎಣ್ಣೆ (ಸೀಮೆಎಣ್ಣೆ) ಈಗ ಪುಣೆಯಲ್ಲಿ ಸುಲಭಕ್ಕೆ ಸಿಗದು. ಪೇಂಟ್ ಅಂಗಡಿಯ ಟರ್ಪೆಂಟೈನ್ ಸಾಕು. ಪೆಟ್ರೋಲ್ ಬೇಡ. ಕಿಟಕಿ ತೆರೆದು, ಒಲೆ ಆರಿಸಿ, ಬೋಲ್ಟನ್ನು ಅರ್ಧ ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಬೋಲ್ಟ್ ಓಡುವ ಜಾಡುಗಳ ಮೂಲೆಗಳಿಗೆ ಬಿದಿರಿನ ಕಡ್ಡಿಗೆ ಚಿಂದಿ ಸುತ್ತಿ ತೂರಿಸಿ. ಬಟ್ಟೆ ಬೆಳ್ಳಗೆ ಬರುವ ತನಕ ಬಿಡಬೇಡಿ. ನಮಗೆ ಹನ್ನೊಂದು ಚಿಂದಿ ಬೇಕಾದವು.

ಆಮೇಲೂ ಒಂದೇ ಜಾಗದಲ್ಲಿ ಹಿಡಿದರೆ ಬೋಲ್ಟಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ನಾಲ್ಕು ಸಲ ಆಡಿಸಿ. ಮಸಿ ಅಳಿಸಿ ಹೊಳೆಯುವ ಕಡೆಯೇ ಉಜ್ಜುತ್ತಿದೆ. ಮಳೆಗಾಲದಲ್ಲಿ ಮರ ಉಬ್ಬಿ ಬೋಲ್ಟಿನ ಹಿಡಿಗೆ ತಾಗುವುದೂ ಉಂಟು. ಎಮರಿ ಕಾಗದ ಮಾತ್ರ ಹಿಡಿಯಬೇಡಿ. ಉಕ್ಕಿನ ಗಟ್ಟಿಮಾಡಿದ ಮೇಲ್ಮೈ ಸವೆದರೆ ಮರಳಿ ಬರುವುದಿಲ್ಲ. ಬೋಲ್ಟಿನ ಮೇಲಿನ ನಂಬರ್ ರೈಫಲ್ಲಿನ ನಂಬರಿಗೆ ಹೊಂದದಿದ್ದರೆ ಗುಂಡು ಹಾರಿಸದೆ ರಿಪೇರಿಯವರ ಬಳಿ ಒಯ್ಯಿರಿ.

ಚೇಂಬರಿಗೆ ಬ್ರಷ್ ಹಾಕಿ ತಿರುವಿ, ಒಣ ಚಿಂದಿಯಿಂದ ಒರೆಸಿ. ಹಳೆಯ ಸೇನಾ ತೋಟಾಗಳ ಕ್ಯಾಪಿನಲ್ಲಿ (ಮದ್ದಿಗೆ ಕಿಡಿ ಕೊಡುವ ಬುಡದ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿಸಿದ ಮೇಲೆ ಅದರ ಉಪ್ಪು ಒಳಗೇ ಉಳಿದು ತೇವ ಎಳೆದು ತುಕ್ಕು ಹಿಡಿಸುತ್ತದೆ. ಅದನ್ನು ಎಣ್ಣೆ ತೆಗೆಯದು, ಬಿಸಿನೀರೇ ಬೇಕು. ಬ್ರಿಟಿಷ್ ಸೇನೆ ಇದಕ್ಕೆಂದೇ ಲಾಳಿಕೆ ಕೊಡುತ್ತಿತ್ತು. ನೀರು ಹಾಕಿದ ಮೇಲೆ ಪೂರ್ತಿ ಒಣಗಿಸಿ. ಗುಂಡು ಹಾರಿಸುವಾಗ ಚೇಂಬರಿನಲ್ಲಿ ಎಣ್ಣೆ ಇರಲೇಬಾರದು, ಇದ್ದರೆ ಬೋಲ್ಟಿನ ಮೇಲೆ ಒತ್ತಡ ಏರುತ್ತದೆ. ಶುಚಿಯಾದ ಚೇಂಬರಿನಲ್ಲೂ ಖಾಲಿ ತೋಟಾ ಕಚ್ಚಿಕೊಂಡರೆ ಆ ತೋಟಾಗಳನ್ನು ಮತ್ತೆ ಬಳಸದೆ, ರೈಫಲ್ಲನ್ನು ತೋರಿಸಿ.

ಕೊನೆಗೆ ಬೋಲ್ಟಿಗೆ ಮೆಷಿನ್ ಎಣ್ಣೆ ಎರಡು ಹನಿ, ಬಟ್ಟೆಯಿಂದ ಒರೆಸಿದ ಮೇಲೆ ಉಳಿಯುವಷ್ಟೇ. ಕೂರಿಸುವ ಮುನ್ನ ಬೋಲ್ಟಿನ ತಲೆಯ ತಿರುಪು ಪೂರ್ತಿ ಕೂತಿದೆಯೇ ನೋಡಿ, ಅರ್ಧ ಸುತ್ತು ಬಿಟ್ಟರೂ ಹಿಡಿಯುತ್ತದೆ. ಮಾವನವರು ಬೋಲ್ಟ್ ಏರಿಸಿ ಎರಡೇ ಬೆರಳಲ್ಲಿ ಎಳೆದರು. ಸರ್ರನೆ ಹಿಂದಕ್ಕೆ ಬಂತು.