ತಳ ಮುಚ್ಚಿದ ಪೈಪಿನಲ್ಲಿ ಸರಿಗಮ: ನನ್ನ ಅನುಭವ

"ತಳ ಮುಚ್ಚಿದ ಪೈಪಿಗೆ ದನಿ ಎಲ್ಲಿಂದ ಬರುತ್ತೆ ಸರ್?" ತಳ ಮುಚ್ಚಿದ ಪೈಪುಗಳಲ್ಲಿ ವಾದ್ಯ ಮಾಡುತ್ತೇನೆ ಅಂದಾಗ ನಮ್ಮ ಶಾಲೆಯ ಸಂಗೀತ ಮೇಷ್ಟ್ರು ಹೀಗೆ ಕೇಳಿ ಒಂದು ವರ್ಷವಾಯಿತು. ಮೊನ್ನೆ ರಾಜ್ಯೋತ್ಸವದ ದಿನ ಅವರದೇ ಹಾರ್ಮೋನಿಯಂ ಪಕ್ಕ ನನ್ನ ಎಂಟು ಪೈಪುಗಳು ಶ್ರುತಿ ಬಿಡದೆ ನುಡಿದವು. ಅದಕ್ಕೇ ಈ ಬರಹ.

ಸ್ವರಕ್ಕೊಂದು ಉದ್ದದ ಪೈಪ್ ಕೊಯ್ದು, ಅದರ ಬಾಯಿಗೆ ಚಪ್ಪಲಿಯಲ್ಲಿ ಬಡಿದು ನುಡಿಸುವ ವಾದ್ಯ ಇದು. ಎರಡೂ ತುದಿ ತೆರೆದಿಟ್ಟರೆ ಹಾರ್ಮೋನಿಯಂನ ಬಿಳಿ ಒಂದು ಶ್ರುತಿಯ (ಪಾಶ್ಚಾತ್ಯರ C) ಕೆಳಗಿನ ಸ, ಅಂದರೆ ಸೆಕೆಂಡಿಗೆ 131 ಕಂಪನ, ಅರ್ಥಾತ್ 131 ಹರ್ಟ್ಜ್‌ಗೆ, 130 ಸೆಂ.ಮೀ. ಪೈಪ್ ಬೇಕು. ಎಂಟು ಸ್ವರಕ್ಕೆ ಏಳು ಮೀಟರ್ ದಾಟುತ್ತದೆ, ಎರಡು ಲೆಂತ್ (ಅಂಗಡಿಯಲ್ಲಿ ಮಾರುವ ಇಡೀ ಪೈಪ್) ತರಬೇಕು. ತಳ ಮುಚ್ಚಿದರೆ ಅದರ ಅರ್ಧ ಸಾಕು. ಇಲ್ಲಿ ದಾವಣಗೆರೆಯಲ್ಲಿ ಅಡಿಕೆ ತೋಟದವರು ಒಯ್ಯುವ 63 ಎಂ.ಎಂ. ಪೈಪ್ ಲೆಂತ್‌ಗೆ ಆರುನೂರು ರೂಪಾಯಿ ಆಸುಪಾಸು ಇತ್ತು. ಎಂಟು ಎಂಡ್ ಕ್ಯಾಪ್‌ಗೆ ಇನ್ನೂರು ಚಿಲ್ಲರೆ ಹೋದರೂ ನಾನೂರು ಉಳಿಯುತ್ತದೆ ಅಲ್ವಾ?

ಉಳಿಯಲಿಲ್ಲ. ಮೊದಲ ಲೆಂತ್ ಪೂರ್ತಿ ಹಾಳಾಯಿತು. ಪಠ್ಯದಲ್ಲಿರುವಂತೆ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಅಂತ ಹಿಡಿದು, ನಾಲ್ಕು ಪಟ್ಟು ಕಂಪನಾಂಕದಿಂದ ಭಾಗಿಸಿ 65 ಸೆಂ.ಮೀ.ಗೆ ಮೊದಲ ಪೈಪ್ ಕೊಯ್ದೆ. ಸ ಕರೆಕ್ಟಾಗಿ ಬಂತು! ಅದೇ ಧೈರ್ಯದಲ್ಲಿ ಒಂದೇ ಸಂಜೆ ಉಳಿದ ಏಳನ್ನೂ ಕೊಯ್ದುಬಿಟ್ಟೆ. ಮೇಲೆ ಹೋದಂತೆಲ್ಲ ಸ್ವರ ಇಳಿಯುತ್ತಾ ಬಂತು. ಮೇಲಿನ ಸ ಅಂತೂ ಸ ಮತ್ತು ನಿ ಎರಡರ ನಡುವೆ ಸಿಕ್ಕಿಕೊಂಡಿತ್ತು.

ಕಾರಣ ಹಿಡಿಯಲು ಎರಡು ವಾರ ಬೇಕಾಯಿತು. ಅವತ್ತು ಕೋಣೆಯಲ್ಲಿ 28 ಡಿಗ್ರಿ. ಆ ಸೆಖೆಯಲ್ಲಿ ವೇಗ 348. ಹಾಗಾಗಿ ನಾನು ಕೊಯ್ದದ್ದು ಗಿಡ್ಡ. ಇನ್ನೊಂದು ಕಡೆ, ಅಲೆ ಪೈಪಿನ ಬಾಯಿಗೇ ನಿಲ್ಲುವುದಿಲ್ಲ, ತ್ರಿಜ್ಯದ 0.6 ಪಟ್ಟು ಆಚೆ ಚಾಚುತ್ತದೆ. ಈ ಪೈಪಿಗೆ ಅದು 1.75 ಸೆಂ.ಮೀ. ಅದನ್ನು ಕಳೆಯದಿದ್ದರೆ ಪೈಪ್ ಉದ್ದ. ಉದ್ದದ ಪೈಪಿನಲ್ಲಿ ಎರಡು ತಪ್ಪೂ ಒಂದನ್ನೊಂದು ಹೊಡೆದುಹಾಕಿದ್ದವು. ಮೇಲಿನ ಸ ನುಡಿಯುವ 32.5 ಸೆಂ.ಮೀ. ಪೈಪಿಗೆ 1.75 ದೊಡ್ಡ ಪಾಲು, ಅಲ್ಲಿ ತಪ್ಪು ಬಯಲಾಯಿತು.

ಎರಡನೇ ಲೆಂತ್ ಲೆಕ್ಕದಂತೆ ಕೊಯ್ದೆ. ಸಂಜೆ ಸರಿ ಇತ್ತು. ಮರುದಿನ ಬೆಳಿಗ್ಗೆ ಚಳಿಗೆ ಎಲ್ಲವೂ ಇಳಿದಿದ್ದವು. ಹಾರ್ಮೋನಿಯಂ ಇದ್ದಲ್ಲೇ ಇತ್ತು. "ನಾ ಹೇಳಿರಲಿಲ್ವಾ ಸರ್?" ಅಂದರು ಮೇಷ್ಟ್ರು.

ಆಮೇಲೆ ಹೊಳೆದದ್ದು ನೀರು. ಮೂರನೇ ಲೆಂತ್‌ನಲ್ಲಿ ಪ್ರತಿ ಪೈಪನ್ನೂ ಲೆಕ್ಕಕ್ಕಿಂತ ನಾಲ್ಕು ಸೆಂ.ಮೀ. ಹೆಚ್ಚು ಉದ್ದಕ್ಕೇ ಕೊಯ್ದು, ಕ್ಯಾಪ್‌ಗೆ ಧಾರಾಳವಾಗಿ ಪೈಪ್ ಅಂಟಿಸುವ ಸಲ್ಯೂಷನ್ ಹಚ್ಚಿ, ಒಳಗೆ ನೀರು ಹಾಕಿದೆ. ನೀರಿನ ಮೈಯೇ ಪೈಪಿನ ತಳ. ಈ ಪೈಪಿನಲ್ಲಿ 26 ಎಂ.ಎಲ್. ಹಾಕಿದರೆ ಒಂದು ಸೆಂ.ಮೀ. ಏರುತ್ತದೆ. ಒಂದು ಡಿಗ್ರಿ ಸೆಖೆ ಹೆಚ್ಚಿದರೆ ಕೆಳಗಿನ ಸ ಪೈಪಿನಿಂದ ಸುಮಾರು 3 ಎಂ.ಎಲ್. ತೆಗೆದರೆ ಸಾಕು, ಮೇಲಿನ ಸ ಪೈಪಿಗೆ ಅದರ ಅರ್ಧ. ಸೂಜಿ ತೆಗೆದ ಸಿರಿಂಜ್, ಮೊಬೈಲ್‌ನಲ್ಲಿ ಟ್ಯೂನರ್, ಇಷ್ಟೇ. ಎಂಟೂ ಪೈಪ್‌ಗಳ ಶ್ರುತಿ ಕೂಡಿಸಲು ಈಗ ನನಗೆ ಹತ್ತು ನಿಮಿಷ. ಜಿಲ್ಲೆಯಲ್ಲಿ ಬೇರೆ ಯಾರೂ ಹೀಗೆ ಮಾಡಿದ್ದು ನಾನು ಕಂಡಿಲ್ಲ.

ಬಡಿಯುವುದಕ್ಕೂ ಕೈ ಪಳಗಬೇಕು. ಬಡಿದ ಚಪ್ಪಲಿಯನ್ನು ತಕ್ಷಣ ಎತ್ತಬೇಕು. ಬಾಯಿ ಮೇಲೇ ಉಳಿದರೆ ಎರಡೂ ಕಡೆ ಮುಚ್ಚಿದಂತೆ, ದನಿ ಸತ್ತುಹೋಗುತ್ತದೆ. ಏಳನೇ ಕ್ಲಾಸಿನ ಹುಡುಗಿಯರು ಇದನ್ನು ನನಗಿಂತ ಬೇಗ ಕಲಿತರು. ಚಪ್ಪಲಿಯ ಅಟ್ಟೆಗೆ ನಾನು ಏನು ಅಂಟಿಸಿದ್ದೇನೆ, ನೀರು ತುಳುಕದಂತೆ ಏನು ಹಾಕಿದ್ದೇನೆ, ಅವೆರಡು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೇರೆ ಪೈಪ್ ತುಂಡುಗಳಲ್ಲೂ ಸುಮ್ನೆ ಆಟವಾಡಿದೆ. ಅರ್ಧ ಇಂಚಿನ ಪೈಪಿನ ತಳ ಮುಚ್ಚಿ ಬಾಟಲಿ ಊದಿದಂತೆ ಊದಿದೆ. ಜೋರಾಗಿ ಊದಿದರೆ ಮೇಲಿನ ಸ ಬರುವುದಿಲ್ಲ, ಅದನ್ನು ಹಾರಿ ಅದರ ಮೇಲಿನ ಪ ಬರುತ್ತದೆ. ಮುಚ್ಚಿದ ಪೈಪಿನಲ್ಲಿ ಮೂಲ ಸ್ವರದ ಕಂಪನಾಂಕದ ಒಂದು, ಮೂರು, ಐದು ಪಟ್ಟು ಮಾತ್ರ ನಿಲ್ಲುತ್ತವಲ್ಲ, ಅದನ್ನು ಮೇಷ್ಟ್ರು ಕಿವಿಯಲ್ಲೇ ಹಿಡಿದರು. ಅಂದಿನಿಂದ ಅವರ ವಾದ ನಿಂತಿತು. ಮಂಡಕ್ಕಿ ಪುಡಿಯನ್ನು ಪಾರದರ್ಶಕ ಕೊಳವೆಯಲ್ಲಿ ಹರಡಿ ಅಲೆ ತೋರಿಸಲು ಹೋದೆ. ತೇವ ಹಿಡಿದು ಅಂಟಿಕೊಂಡಿತು. ಥರ್ಮಾಕೋಲ್ ಪುಡಿಯಲ್ಲಿ ಚೆನ್ನಾಗಿ ಬಂತು, 1000 ಹರ್ಟ್ಜ್‌ಗೆ 17 ಸೆಂ.ಮೀ.ಗೊಂದು ಗುಡ್ಡೆ.

ರಾಜ್ಯೋತ್ಸವದ ದಿನ ಬೆಳಿಗ್ಗೆ ಎಂಟಕ್ಕೆ ಶ್ರುತಿ ಕೂಡಿಸಿದ್ದೆ. ನಮ್ಮ ಸರದಿ ಬಂದದ್ದು ಹನ್ನೆರಡಕ್ಕೆ. ವೇದಿಕೆ ಹಿಂದೆ ಕೂತು ಕೆಳಗಿನ ಸ ಪೈಪಿನಿಂದ 25 ಎಂ.ಎಲ್. ತೆಗೆದೆ, ಉಳಿದವುಗಳಿಂದ ಅಳತೆಗೆ ತಕ್ಕಂತೆ. ಮೇಷ್ಟ್ರು ಸ ಹಿಡಿದರು, ಹುಡುಗಿ ಬಡಿದಳು, ಎರಡೂ ಒಂದೇ ದನಿಯಾಗಿ ಕೂಡಿದವು. ಮೂರು ಲೆಂತ್, ಕ್ಯಾಪ್, ಸಲ್ಯೂಷನ್, ಆಟೋ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಖರ್ಚಾಗಿತ್ತು. ಈಗ ಮೇಷ್ಟ್ರು ಕಪ್ಪು ಒಂದಕ್ಕೆ ಇನ್ನೊಂದು ಸೆಟ್ ಕೇಳಿದ್ದಾರೆ. ಪೈಪಿನ ದುಡ್ಡು ಅವರೇ ಕೊಟ್ಟಿದ್ದಾರೆ.