ಮೊದಲ ಕೌದಿ: ಅಂಚಿನಿಂದ ನಡುವಿಗೆ

ಹಳೆಯ ಬಟ್ಟೆಗಳ ಪದರಗಳನ್ನು ಕೂಡಿಸಿ ಕೈಯಲ್ಲಿ ಹೊಲಿದ ಹೊದಿಕೆಯೇ ಕೌದಿ. ಅದನ್ನು ಹೊಲಿಯಲು ಕಲಿಯಬೇಕೆಂದು ಹೊರಟವರು ಮೊದಲ ದಿನವೇ ಇಬ್ಬರು ಹೊದೆಯುವಷ್ಟು ದೊಡ್ಡದನ್ನು ಹರಡಿಕೊಂಡು ಕೂತರೆ, ಅದು ಅರ್ಧಕ್ಕೇ ನಿಂತು ಗಂಟಾಗಿ ಅಟ್ಟ ಸೇರುವ ಸಂಭವವೇ ಹೆಚ್ಚು. ತೊಟ್ಟಿಲ ಕೂಸಿಗೆ ಹಾಸುವ ಅಳತೆ, ಅಂದರೆ ಸುಮಾರು 60 ಸೆಂಟಿಮೀಟರ್ ಅಗಲ ಮತ್ತು 90 ಸೆಂಟಿಮೀಟರ್ ಉದ್ದ, ಕಲಿಯುವವರಿಗೆ ತಕ್ಕದ್ದು. ಚಿಕ್ಕದೆಂದು ಕೆಲಸವೇನೂ ಕಡಿಮೆಯಲ್ಲ. ಸಾಲಿಂದ ಸಾಲಿಗೆ ಒಂದೂವರೆ ಸೆಂಟಿಮೀಟರ್ ಅಂತರವಿಟ್ಟರೆ ಒಟ್ಟು 36 ಮೀಟರ್ ಉದ್ದದ ಹೊಲಿಗೆಯಾಗುತ್ತದೆ. ಇಂಚಿಗೆ 4 ಹೊಲಿಗೆ ಬಿದ್ದರೂ ಸಂಖ್ಯೆ ಐದೂವರೆ ಸಾವಿರ ದಾಟುತ್ತದೆ. ಕೈ ಹದಕ್ಕೆ ಬರಲು ಇಷ್ಟು ಬೇಕು, ಇಷ್ಟು ಸಾಕು.

ನಮ್ಮಲ್ಲಿ ಇದಕ್ಕೆ ಎರಡು ಪರಂಪರೆಗಳಿವೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಹೊಲಿಯುವುದು ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವುದು ಕವಂದಿ. ಹೊಸಬರಿಗೆ ನಾನು ಸಿದ್ದಿಯರ ಕ್ರಮವನ್ನೇ ಹೇಳುತ್ತೇನೆ. ಅದರಲ್ಲಿ ಮೇಲ್ಭಾಗದ ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಬೇಕಾಗಿಲ್ಲ, ಚೌಕಟ್ಟೂ ಬೇಡ. ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ತುಂಡುಗಳನ್ನು ಇಡುತ್ತ, ಸುತ್ತು ಹಾಕುತ್ತ ನಡುವಿಗೆ ಬರುವಷ್ಟರಲ್ಲಿ ತುಂಡುಗಳೂ ಕೂಡಿರುತ್ತವೆ, ಪದರಗಳೂ ಬಿಗಿದಿರುತ್ತವೆ.

ಕೂಸಿನ ಕೌದಿಗೂ ಮೊದಲು ಒಂದು ಗೇಣು ಚೌಕದ ಮೂರು ಮಾದರಿ ತುಂಡುಗಳನ್ನು ಹೊಲಿಯಿರಿ. ಮೊದಲನೆಯದಕ್ಕೆ ಎರಡು ಪದರ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಐದು. ಮೂರರಲ್ಲೂ ಅರ್ಧ ಭಾಗದ ಸಾಲುಗಳು ಹತ್ತಿರವಿರಲಿ, ಉಳಿದರ್ಧದವು ಎರಡು ಬೆರಳಷ್ಟು ದೂರವಿರಲಿ. ಹೊಲಿದಾದ ಮೇಲೆ ಮನೆಯ ಬಟ್ಟೆಗಳ ಜೊತೆಯಲ್ಲೇ ಒಗೆದು ಒಣಗಿಸಿ ನೋಡಿ. ಹತ್ತಿರದ ಸಾಲುಗಳಿರುವ ಕಡೆ ಬಟ್ಟೆ ಗಟ್ಟಿಯಾಗಿ, ದೂರದ ಸಾಲುಗಳಿರುವ ಕಡೆ ಮೆತ್ತಗೆ ಉಬ್ಬಿ ಇರುವುದು ಬೆರಳಿಗೇ ತಿಳಿಯುತ್ತದೆ. ಐದು ಪದರದಲ್ಲಿ ಸೂಜಿ ಎಳೆಯಲು ಎಷ್ಟು ಬಲ ಬೇಕೆಂಬುದೂ ಗೊತ್ತಾಗುತ್ತದೆ. ನಾನು ಕಲಿಯುವಾಗ ಒಂದು ಮಾದರಿಯಲ್ಲಿ ಬಿಳಿ ಧೋತರದ ಪಕ್ಕ ಕೆಂಪು ಖಣದ ತುಂಡನ್ನಿಟ್ಟಿದ್ದೆ. ಒಗೆದಾಗ ಬಿಳಿಯ ಮೇಲೆ ಹೊಲಿಗೆಯ ಗೆರೆಯುದ್ದಕ್ಕೂ ಗುಲಾಬಿ ಬಣ್ಣ ಇಳಿದಿತ್ತು. ಅಂದಿನಿಂದ ಪ್ರತಿ ಗಾಢ ಬಣ್ಣದ ಬಟ್ಟೆಯನ್ನೂ ಒದ್ದೆಯ ಬಿಳಿ ಬಟ್ಟೆಯಿಂದ ತಿಕ್ಕಿ ಪರೀಕ್ಷಿಸಿಯೇ ಕತ್ತರಿಸುತ್ತೇನೆ.

ಬಟ್ಟೆ ಹತ್ತಿಯದೇ ಆಗಿರಲಿ. ಅನೇಕ ಸಲ ಒಗೆದು ಮೆತ್ತಗಾದ ಸೀರೆಯಲ್ಲಿ ಸೂಜಿ ಸಲೀಸಾಗಿ ಹೋಗುತ್ತದೆ, ಮತ್ತು ಅದು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಹೊಸ ಹತ್ತಿ ಬಟ್ಟೆಯನ್ನು ಬಳಸುವುದಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲವಾದರೆ ಮುಂದೆ ಅದೊಂದೇ ಕುಗ್ಗಿ ಸುತ್ತಲಿನ ತುಂಡುಗಳನ್ನು ಎಳೆಯುತ್ತದೆ. ಹಳೆಯ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಾಗ ಸೀಳಿದರೆ ಅದನ್ನು ಮೇಲ್ಭಾಗಕ್ಕೆ ಹಾಕದೆ ಒಳಪದರಕ್ಕೆ ಬಿಡಿ. ನುಣುಪಾದ ಪಾಲಿಸ್ಟರ್ ಮತ್ತು ಹಿಗ್ಗುವ ಬನಿಯನ್ ಬಟ್ಟೆ ಮೊದಲ ಕೌದಿಗೆ ಬೇಡವೇ ಬೇಡ.

ಅಡಿಬಟ್ಟೆಯನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆದು, ಮೂಲೆಗಳಿಗೆ ಭಾರವಿಡಿ. ಅದರ ಮೇಲೆ ನಾಲ್ಕೂ ಕಡೆ ಎರಡು ಬೆರಳಷ್ಟು ಚಿಕ್ಕದಾದ ಒಳಪದರಗಳನ್ನು ಒಂದೊಂದಾಗಿ ಹರಡಿ. ಹೊರಗುಳಿದ ಅಡಿಬಟ್ಟೆಯ ಅಂಚನ್ನು ಒಳಪದರದ ಮೇಲೆ ಮಡಿಚಿದ ಮೇಲೆ, ನಡುವಿನಿಂದ ಅಂಚಿನ ಕಡೆಗೆ ಒಂದೊಂದು ಗೇಣಿಗೆ ಉದ್ದುದ್ದನೆಯ ಕಚ್ಚಾ ಹೊಲಿಗೆ ಹಾಕಬೇಕು. ಈ ಹೊಲಿಗೆಯನ್ನು ಕೊನೆಗೆ ಬಿಚ್ಚಿ ತೆಗೆಯುವುದೇ ಆದ್ದರಿಂದ ಬೇರೆ ಬಣ್ಣದ ದಾರ ಬಳಸಿದರೆ ಅನುಕೂಲ. ಬೇಸರವೆಂದು ಇದನ್ನು ಬಿಟ್ಟವರಿಗೆ ಕೆಳಪದರ ಎಲ್ಲೋ ಸರಿದು ಮಡಿಕೆಯಾಗಿರುವುದು ತಿಳಿಯುವುದು ಅರ್ಧ ಕೌದಿ ಮುಗಿದ ಮೇಲೆ.

ಇನ್ನು ಹೊಲಿಗೆ. ದಪ್ಪ ಹತ್ತಿ ದಾರವನ್ನು ಎರಡು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ. ಉದ್ದದ ದಾರ ಸಿಕ್ಕಾಗುತ್ತದೆ, ಪದರಗಳ ನಡುವೆ ಮತ್ತೆ ಮತ್ತೆ ಉಜ್ಜಿ ಸವೆಯುತ್ತದೆ. ಗಂಟು ತುಂಡಿನ ಅಡಿ ಅಡಗುವಂತೆ ಮೊದಲ ತುಂಡನ್ನು ಮೂಲೆಗೆ ಇಟ್ಟು, ಅದರ ಅಂಚನ್ನು ಅರ್ಧ ಬೆರಳಷ್ಟು ಒಳಕ್ಕೆ ಮಡಿಚಿ ಸಾದಾ ಓಡುಹೊಲಿಗೆ ಹಾಕುತ್ತ ಹೋಗಿ. ಎಡಗೈ ಕೌದಿಯ ಅಡಿಯಲ್ಲಿರಲಿ. ಸೂಜಿಯ ಮೊನೆ ಆ ಕೈಯ ಬೆರಳಿಗೆ ಇಷ್ಟೇ ಇಷ್ಟು ಸೋಕಿದ ಕೂಡಲೇ ಮೇಲಕ್ಕೆ ತಿರುಗಿಸಬೇಕು. ಆ ಸ್ಪರ್ಶವೇ ಎಲ್ಲ ಪದರಗಳೂ ಹೊಲಿಗೆಗೆ ಸಿಕ್ಕಿವೆ ಎಂಬುದಕ್ಕೆ ಗುರುತು. ಸೂಜಿಯಲ್ಲಿ ಮೂರು ನಾಲ್ಕು ಹೊಲಿಗೆ ಕೂಡಿದ ಮೇಲೆ ಒಮ್ಮೆಗೆ ದಾರ ಎಳೆಯಿರಿ. ಎಳೆದ ನಂತರ ಹೊಲಿದ ಭಾಗವನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸವರಿದರೆ ಹೆಚ್ಚಿನ ಬಿಗಿ ಸಡಿಲವಾಗುತ್ತದೆ.

ಮೊದಲ ತುಂಡು ಮುಗಿಯುವ ಕಡೆ ಎರಡನೆಯದರ ಅಂಚನ್ನು ಅದರಡಿಗೆ ಸೇರಿಸಿ, ಇಲ್ಲವೇ ಮಡಿಚಿ ಅದರ ಮೇಲಿಡಿ. ಯಾವ ಬಣ್ಣದ ಪಕ್ಕ ಯಾವುದು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದಕ್ಕಿಂತ, ತುಂಡನ್ನು ಇಟ್ಟು ನಾಲ್ಕು ಹೆಜ್ಜೆ ದೂರ ನಿಂತು ನೋಡಿ ಬದಲಿಸುವುದೇ ನನಗೆ ಸರಿ ಎನಿಸುತ್ತದೆ. ಇಳಕಲ್ ಸೀರೆಯ ಸೆರಗಿನ ಒಂದು ಚೂರು ಇಡೀ ಸಾಲಿಗೆ ಕಳೆ ಕೊಡುವುದನ್ನು ಕಣ್ಣಾರೆ ಕಂಡೇ ತಿಳಿಯಬೇಕು.

ಹೊಲಿಗೆ ಸೊಟ್ಟಾಯಿತೆಂದು ಬಿಚ್ಚಬೇಡಿ. ಒಗೆದ ಮೇಲೆ ಬಟ್ಟೆ ಉಬ್ಬಿ, ಚಿಕ್ಕ ದೊಡ್ಡ ಹೊಲಿಗೆಗಳೆಲ್ಲ ಒಂದಾಗಿ ಕಾಣುತ್ತವೆ. ಆದರೆ ಸುಕ್ಕು ಬಿದ್ದರೆ ಆ ಕ್ಷಣವೇ ಬಿಚ್ಚಿ, ಏಕೆಂದರೆ ಅಂಚಿನಲ್ಲಿ ಉಳಿದ ಒಂದು ಕೂದಲೆಳೆಯಷ್ಟು ಸಡಿಲವೂ ಸುತ್ತುಸುತ್ತಿಗೆ ಕೂಡುತ್ತ ಹೋಗಿ ನಡುವಿನಲ್ಲಿ ಗುಡ್ಡೆಯಾಗಿ ನಿಲ್ಲುತ್ತದೆ. ಪ್ರತಿ ಎರಡು ಸುತ್ತಿಗೊಮ್ಮೆ ಕೌದಿಯನ್ನು ಮಗುಚಿ ಹಿಂಬದಿಯನ್ನು ಅಂಗೈಯಿಂದ ಸವರಿ ನೋಡುವ ರೂಢಿ ಮಾಡಿಕೊಳ್ಳಿ.

ನಡುವಿನ ಕೊನೆಯ ತುಂಡನ್ನು ಉಳಿದ ಜಾಗಕ್ಕಿಂತ ಎಲ್ಲ ಕಡೆ ಒಂದು ಬೆರಳು ದೊಡ್ಡದಾಗಿ ಕತ್ತರಿಸಿ, ನಾಲ್ಕೂ ಅಂಚು ಮಡಿಚಿ ಮುಚ್ಚಿ. ಸಿದ್ದಿಯರು ಕವಂದಿಯ ಮೂಲೆಗಳಿಗೆ ಮಡಿಚಿದ ಪುಟ್ಟ ತ್ರಿಕೋನಗಳನ್ನು ಹೊಲಿದು ಅವನ್ನು ಫೂಲ, ಅಂದರೆ ಹೂವು ಎನ್ನುತ್ತಾರೆ. ಅವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಂಗೈಯಗಲದ ಚೌಕವನ್ನು ಎರಡು ಸಲ ಕರ್ಣಕ್ಕೆ ಮಡಿಚಿದರೆ ಆ ತ್ರಿಕೋನ ಸಿಗುತ್ತದೆ. ನಾಲ್ಕನ್ನೂ ಹೊಲಿದು, ಕಚ್ಚಾ ದಾರಗಳನ್ನು ಎಳೆದು ತೆಗೆದು, ಕೌದಿಯನ್ನು ತಣ್ಣೀರಿನಲ್ಲಿ ಒಗೆಯಿರಿ; ಹಿಂಡದೆ, ಹಗ್ಗಕ್ಕೆ ಜೋತುಬಿಡದೆ, ಚಾಪೆಯ ಮೇಲೆ ಹರಡಿ ಒಣಗಿಸಿ.